ಮರಳವಾಡಿಯಲ್ಲಿ ಬಿಟ್ಟಿ ಓಡಬಹುದಾದ ಜಾಗಗಳು

ಮರಳವಾಡಿ, ಏಪ್ರಿಲ್ 34, 2214

ಹಲಗೆ ಸಾಲಿನ ಕೆಳಗಿನ ಓಟದ ದಾರಿಗೆ ಬೇಲಿ ಹಾಕಲು ತೀರ್ಮಾನವಾಗಿದೆ. ನೆರಳು ಕಚೇರಿಯ ಅಳತೆಗಾರ ಯಂಕೋಬ ಹಾಲ್ವಿಯವರು ನಿನ್ನೆ ಸಂಜೆ ಆ ದಾರಿಯ ಬಾಯಲ್ಲೇ ನಿಂತು ಇದನ್ನು ತಿಳಿಸಿದರು. ಅಲ್ಲಿ ಯಾರೂ ಓಡುವುದಿಲ್ಲ ಎಂಬುದು ಅವರ ವರದಿ.

ಇನ್ನೂರು ವರ್ಷ ಹಿಂದಿನ ಓದುಗರೇ, ತಾರೀಖು ತಪ್ಪಿಲ್ಲ. ಬೇಸಿಗೆ ಮುಗಿಯುವುದೇ ಇಲ್ಲವಾದ್ದರಿಂದ ನಮ್ಮ ಹಿರಿಯರು ಮಳೆಗಾಲದ ತಿಂಗಳುಗಳಿಂದ ದಿನಗಳನ್ನು ಕಿತ್ತು ಏಪ್ರಿಲ್‌ಗೆ ಸೇರಿಸಿದರು. ನಮ್ಮ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಇಲ್ಲಿನ ದಿನಪತ್ರಿಕೆಯ ವರದಿಗಾರ.

ಮರಳವಾಡಿ ಇರುವುದು ಬಳ್ಳಾರಿಯ ಆಚೆ, ಮರಳು ಮುಚ್ಚಿದ ಬಯಲಿನಲ್ಲಿ. ಎದೆಯ ಕಾಯಿಲೆಯವರು ಇಲ್ಲಿನ ಒಣ ಹವೆಗಾಗಿ ಕರಾವಳಿಯಿಂದ ಬಂದು ತಿಂಗಳುಗಟ್ಟಲೆ ತಂಗುತ್ತಾರೆ. ವೈದ್ಯರು ಅವರಿಗೆ ಹೇಳುವ ಔಷಧ ಒಂದೇ: ದಿನವೂ ನೆರಳಿನಲ್ಲಿ ನಿಧಾನವಾಗಿ ಓಡಬೇಕು. ಪೇಟೆಯ ಬೀದಿಗಳ ಮೇಲೆಲ್ಲ ನೆರಳು ಕಚೇರಿಯವರು ದಪ್ಪ ಬಟ್ಟೆ ಎಳೆದಿದ್ದಾರೆ. ಅಲ್ಲಿ ನಡೆದರೆ ಏನೂ ಕೊಡಬೇಕಿಲ್ಲ, ಓಡಿದರೆ ಉಸಿರು ತೆರಿಗೆ ಕಟ್ಟಬೇಕು. ಓಡುವವರು ಬೀದಿಯ ತಂಪನ್ನು ಹೆಚ್ಚು ಕುಡಿಯುತ್ತಾರೆ ಎಂಬುದು ಕಚೇರಿಯ ವಾದ. ಹಾಗಾಗಿ ಊರಿಗೆ ಬಂದಿಳಿದವರು ಮೊದಲು ಕೇಳುವುದು ಬಿಟ್ಟಿ ಓಡುವ ಜಾಗ ಎಲ್ಲಿದೆ ಎಂದೇ.

ಹಳೆಯ ಕಾಲುವೆಯ ತಳ ಬಿಟ್ಟಿ, ಆದರೆ ಬಿಸಿಲೇರಿದರೆ ಅದರ ಎರಡೂ ಗೋಡೆಗಳು ಕಾದ ಹಂಚಾಗುತ್ತವೆ. ಊರ ಸುತ್ತ ಮರಳು ತಡೆಯಲು ಕಟ್ಟಿದ ಗಾಳಿಗೋಡೆಯ ಬುಡವೂ ಬಿಟ್ಟಿಯೇ. ಅಲ್ಲಿ ನೆರಳು ಸಾಯಂಕಾಲ ಮಾತ್ರ, ಜತೆಗೆ ನಾಯಿಗಳ ಕಾಟ. ಕಾಯಿಲೆಯವರಿಗೆ ಆಗಿಬರುವುದು ಹಲಗೆ ಸಾಲು ಒಂದೇ. ಬಿಸಿಲಿನಿಂದ ವಿದ್ಯುತ್ ತೆಗೆಯುವ ಹಲಗೆಗಳು ಅಲ್ಲಿ ತಲೆಯ ಮೇಲೆ ಚಪ್ಪರದಂತೆ ಹಬ್ಬಿವೆ. ಅವನ್ನು ತೊಳೆದ ನೀರು ತೊಟ್ಟಿಕ್ಕಿ ಕೆಳಗಿನ ಮರಳು ಗಟ್ಟಿಯಾಗಿ, ತಂಪಾಗಿ ಇರುತ್ತದೆ. ಗಾಳಿ ಒಳನುಗ್ಗದ ಕಾರಣ ಇಟ್ಟ ಹೆಜ್ಜೆ ಇಟ್ಟಂತೆಯೇ ಉಳಿಯುತ್ತದೆ.

ಕುಂದಾಪುರದ ಮೀನುಗಾರರ ಮನೆಯ ವಾರಿಜಾ ಇಲ್ಲಿಗೆ ಬಂದಾಗ ಮೆಟ್ಟಿಲು ಹತ್ತಲಾರದೆ ಅರ್ಧಕ್ಕೇ ಕೂರುತ್ತಿದ್ದರು. ಈಗ ಸಾಲಿನ ಆ ತುದಿಯವರೆಗೆ ಓಡಿ ಬರುತ್ತಾರೆ. ಉಸಿರು ತೆರಿಗೆ ಅವರ ಕೈಗೆಟುಕದು. ದಾರಿ ಮುಚ್ಚಿದರೆ ಅವರು ಕರಾವಳಿಯ ತೇವದ ಹವೆಗೇ ಮರಳಬೇಕು. ಅವರು ಇಳಿದುಕೊಂಡಿರುವುದು ನನ್ನ ಪಕ್ಕದ ಮನೆಯ ಹಂಪವ್ವನವರಲ್ಲಿ.

ತೊಂದರೆ ಹುಟ್ಟಿದ್ದು ನಮ್ಮ ಮರ್ಯಾದೆಯಿಂದಲೇ. ಇನ್ನೊಬ್ಬರ ಹೆಜ್ಜೆಯ ಮೇಲೆ ಅತಿಥಿಯನ್ನು ಓಡಿಸುವುದೆಂದರೆ ಎಂಜಲೆಲೆಯಲ್ಲಿ ಬಡಿಸಿದಂತೆ ಎಂದು ಇಲ್ಲಿಯವರ ಭಾವನೆ. ಅದಕ್ಕಾಗಿ ಹಂಪವ್ವ ಮತ್ತು ಓಣಿಯ ಹೆಂಗಸರು ಸಂಜೆಯಾದೊಡನೆ ಇಡೀ ದಾರಿಯನ್ನು ಗುಡಿಸುತ್ತಾರೆ. ನಮ್ಮ ಕಾನೂನಿನಲ್ಲಿ ಹೆಜ್ಜೆ ಕಂಡ ನೆಲ ಊರಿನ ದಾರಿ, ಕಾಣದ ನೆಲ ಕಚೇರಿಯ ಆಸ್ತಿ. ಬಿಸಿಲಿಗೆ ಹೆದರಿ ಹಾಲ್ವಿಯವರು ಬಂದದ್ದೆಲ್ಲ ಸಂಜೆ, ಗುಡಿಸಿದ ಮೇಲೆ.

ನಿನ್ನೆ ಹಂಪವ್ವ ಸೆರಗು ಸಿಕ್ಕಿಸಿಕೊಂಡು ಅವರೆದುರು ನಿಂತರು. "ಯಾರೂ ಓಡಂಗಿಲ್ಲ ಅಂತ ಯಾರ್ರೀ ಹೇಳಿದ್ದು ನಿಮಗ?"

"ನೆಲಾನ ಹೇಳ್ತೈತಬೇ. ಎಷ್ಟು ಸಲ ಬಂದ್ರೂ ಒಂದು ಹೆಜ್ಜಿ ಕಾಣಂಗಿಲ್ಲ."

"ಹೆಂಗ ಕಾಣ್ತಾವ? ಆಗಷ್ಟ ಗುಡಿಸಿರ್ತೀನಲ್ಲ!"

"ಗುಡಿಸಿದ್ದಕ್ಕ ಸಾಕ್ಷಿ ಏನೈತಿ?"

"ನಿಮ್ಮ ಕಣ್ಣಿಗೆ ಕಸ ಬಿತ್ತೇನ್ರೀ? ಇಲ್ಲಲ್ಲ, ಅದಾ ಸಾಕ್ಷಿ."

ನೆರೆದವರು ನಕ್ಕರು. ಹಾಲ್ವಿಯವರೂ ನಕ್ಕರು, ಆದರೆ ವರದಿ ಬದಲಿಸಲಿಲ್ಲ. ವಾರಿಜಾ ಹಂಪವ್ವನ ತೋಳು ಹಿಡಿದು, "ನೀವು ಗುಡಿಸಿದ್ದೇ ಹೆಚ್ಚಾಯ್ತು ಮಾರಾಯ್ರೆ. ಊರಿಗೆ ಹೋದ್ರೆ ನಂಗೆ ಉಸಿರು ಕಟ್ಟುತ್ತೆ, ಎಂತ ಮಾಡುದು?" ಎಂದರು. ಆಮೇಲೆ ಯಾರೂ ನಗಲಿಲ್ಲ. ಹಾಲ್ವಿಯವರು ಒಂದು ಮರುಪರಿಶೀಲನೆಗೆ ಒಪ್ಪಿದರು. ಪರಿಶೀಲನೆಯ ದಿನ ಅವರಿಗಿಂತ ಮುಂಚೆ ಯಾರೂ ಒಳಗೆ ಕಾಲಿಡುವಂತಿಲ್ಲ. ಹಿಂದಿನ ದಿನದ ಹೆಜ್ಜೆಗಳನ್ನಷ್ಟೇ ಅವರು ನೋಡುತ್ತಾರೆ.

ಇಂದು ಓಣಿಯವರೆಲ್ಲ ಓಡಿದ್ದಾರೆ, ಓಡಿ ಅಭ್ಯಾಸವಿಲ್ಲದ ನಾನೂ ಸೇರಿ. ಸಂಜೆಯಿಂದ ಹಂಪವ್ವನವರಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಬಾರಿ ಪೊರಕೆ ಹಿಡಿದು ದಾರಿಯವರೆಗೆ ಹೋಗಿ ಹಿಂದೆ ಬಂದರು. ಕಡೆಗೆ ಪೊರಕೆಯನ್ನು ನನ್ನ ಮನೆಯಲ್ಲಿಟ್ಟು, ಕೇಳಿದರೂ ಕೊಡಬೇಡ ಎಂದರು. ಈಗಷ್ಟೇ ಹವಾಮಾನ ಕೇಂದ್ರದ ಸೂಚನೆ ಬಂದಿದೆ: ಇಂದು ರಾತ್ರಿಯೇ ದೂಳಿನ ಬಿರುಗಾಳಿ ಬೀಸುವ ಸಾಧ್ಯತೆಯಿದೆ. ಬಿರುಗಾಳಿಗೆ ಹಲಗೆಗಳು ಮುರಿಯದಂತೆ ನೆಟ್ಟಗೆ ನಿಲ್ಲಿಸುತ್ತಾರೆ. ಹಾಗೆ ನಿಲ್ಲಿಸಿದರೆ ಗಾಳಿ ದಾರಿಯೊಳಕ್ಕೆ ನುಗ್ಗಿ ಹೆಜ್ಜೆಗಳನ್ನು ಅಳಿಸುತ್ತದೆ.

ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಕಾಲದವರು ಯಾವ ಊರಿಗೆ ಹೋದರೂ ಬೆಳಗ್ಗೆದ್ದು ಕೆರೆಯ ಏರಿ, ಮೈದಾನ, ಕೋಟೆಯ ಸುತ್ತ ಓಡುತ್ತಿದ್ದರಂತೆ. ಆ ಜಾಗಗಳ ಹೆಸರು ನಮಗೆ ಎಲ್ಲೂ ಸಿಗುವುದಿಲ್ಲ. ಬಿಟ್ಟಿ ಸಿಕ್ಕಿದ್ದಕ್ಕೆ ರಸೀದಿ ಇರುವುದಿಲ್ಲ, ಯಾರೂ ಬರೆದಿಡಲಿಲ್ಲ. ನೀವು ಓಡಿದ ಜಾಗವನ್ನು ಇನ್ನೊಬ್ಬರಿಗೆ ತೋರಿಸಿ, ಅಲ್ಲಿ ಅವರನ್ನೂ ಓಡಿಸಿ.

ಮರುಪರಿಶೀಲನೆ ನಾಳೆ ಸೋಮವಾರ, ಸೂರ್ಯೋದಯಕ್ಕೆ, ಹಲಗೆ ಸಾಲಿನ ಪೂರ್ವದ ತುದಿಯಲ್ಲಿ ನಡೆಯಲಿದೆ.