ಹದಿನಾರನೆಯ ನಿಮಿಷ

ಉಮ್ಮ್ ಸಲಾಲ್
ಭಾನುವಾರ, 9 ಫೆಬ್ರುವರಿ 2025
ಬೆಳಿಗ್ಗೆ ಏಳೂವರೆ

ಫಾಹಿಮಾ,

ಮೊದಲ ಹಾಳೆಯಲ್ಲಿ ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದಿದ್ದೆ. ಕೈಯ ಹಳೆಯ ಅಭ್ಯಾಸ. ಆ ಹಾಳೆಯನ್ನು ಹರಿದು ಹಾಕಿ ಇನ್ನೊಂದನ್ನು ತೆಗೆದುಕೊಂಡಿದ್ದೇನೆ.

ಹತ್ತು ಗಂಟೆಗೆ ನಾನೇ ದೋಹಾದ ವೆಸ್ಟ್ ಬೇಗೆ ಬಂದು ಈ ಲಕೋಟೆಯನ್ನು ನಿನ್ನ ಹೋಟೆಲಿನ ರಿಸೆಪ್ಶನ್ನಿನಲ್ಲಿ ಕೊಟ್ಟು ಹೋಗುತ್ತೇನೆ. ಅಷ್ಟರಲ್ಲಿ ಗಾಲ್ಫ್ ಚಾಂಪಿಯನ್‌ಶಿಪ್‌ನ ಕೊನೆಯ ಸುತ್ತು ಶುರುವಾಗಿರುತ್ತದೆ. ನಿನಗೆ ಆಟವಿಲ್ಲದ್ದರಿಂದ ಓದಲು ಸಮಯವಿರುತ್ತದೆ. ಕನ್ನಡದಲ್ಲಿ ಬರೆಯುತ್ತಿರುವುದು ಭಾಷೆಯ ಮೇಲಿನ ಅಭಿಮಾನದಿಂದಲ್ಲ. ನಿನ್ನ ಮ್ಯಾನೇಜರ್‌ಗೂ ಕೋಚ್‌ಗೂ ಇದನ್ನು ಓದಲು ಬರುವುದಿಲ್ಲ. ನಿನಗೆ ಬರುತ್ತದೆ. ಶುಕ್ರವಾರಗಳಂದು ನಮ್ಮ ಅಡುಗೆಮನೆಯಲ್ಲಿ ನಿನ್ನನ್ನು ಕೂರಿಸಿಕೊಂಡು ಕಲಿಸಿದವಳು ನನ್ನ ಅಮ್ಮ. ‘ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಮಲಯಾಳ, ಕನ್ನಡ ಎಲ್ಲಿಗೆ ಬೇಕು ಆಂಟಿ?’ ಎಂದು ನೀನು ಕೇಳಿದ್ದೆ. ‘ರೊಟ್ಟಿ ಬೇಕಿಲ್ಲೇನು? ಬರದಾಕಿಗೆ ಮೊದಲನೇದು’ ಎಂದು ಅಮ್ಮ ಪರಾತದ ಜೋಳದ ಹಿಟ್ಟಿನ ಮೇಲೆಯೇ ನಿನ್ನಿಂದ ಅಕ್ಷರ ಬರೆಸಿದಳು. ಮೊದಲ ರೊಟ್ಟಿ ಯಾವಾಗಲೂ ನಿನಗೇ ಸಿಗುತ್ತಿತ್ತು.

ನಿನ್ನೆಯ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಹದಿನಾರನೆಯ ಹೋಲಿನ ಎದುರು ನಿನ್ನ ಕಾರ್ಡಿನಲ್ಲಿ ನಾಲ್ಕು ಹೊಡೆತ ಎಂದಿದ್ದದ್ದು ತಪ್ಪು ಎಂದು, ನೀನು ಸಹಿ ಹಾಕುವ ಮೊದಲೇ ನನಗೆ ಗೊತ್ತಿತ್ತು.

ನಿಮ್ಮ ಜೊತೆ ನಡೆದು ಲೆಕ್ಕ ಒತ್ತುವ ಸ್ವಯಂಸೇವಕಿ ಐದು ಎಂದು ಒತ್ತಿದ್ದಳು. ಅದು ಸ್ಕೋರಿಂಗ್ ಮೇಜಿನಲ್ಲಿ ಕೂತಿದ್ದ ನನ್ನ ಎದುರಿನ ಪರದೆಯಲ್ಲಿತ್ತು. ನಿನ್ನ ಜೊತೆ ಆಡುತ್ತಾ ನಿನ್ನ ಕಾರ್ಡು ಬರೆಯುತ್ತಿದ್ದ ಸ್ವೀಡನ್ನಿನ ಹುಡುಗಿ ನಾಲ್ಕು ಎಂದು ಬರೆದಿದ್ದಳು. ಅವಳದ್ದು ಕೆಟ್ಟ ಉದ್ದೇಶವಲ್ಲ. ನಿನ್ನ ಚೆಂಡು ಕುಳಿಯಿಂದ ಒಂದು ಗೇಣು ಆಚೆ ನಿಂತಾಗ ನೀನು ಬೇಸರದಲ್ಲಿ ಕೋಲಿನ ಹಿಂಬದಿಯಿಂದಲೇ ತಟ್ಟಿದೆ, ಅದು ಅಂಚು ಸುತ್ತಿ ಹೊರಗೆ ಬಂತು, ಇನ್ನೊಮ್ಮೆ ತಟ್ಟಿದೆ. ಅವಳು ಆಗ ತನ್ನ ಚೆಂಡಿನ ದಾರಿ ನೋಡುತ್ತಿದ್ದಳು, ಎರಡು ತಟ್ಟುಗಳಲ್ಲಿ ಒಂದನ್ನು ಮಾತ್ರ ಕಂಡಳು. ಪರದೆಗೂ ಕಾರ್ಡಿಗೂ ವ್ಯತ್ಯಾಸ ಬಂದರೆ ಆಟಗಾರ್ತಿಗೆ ಅಲ್ಲೇ ಹೇಳಬೇಕು. ನಮ್ಮ ತರಬೇತಿಯ ಮೊದಲ ಪಾಠ ಅದು. ನಾನು ಹೇಳಲಿಲ್ಲ. ನಿನ್ನ ಕಾರ್ಡನ್ನು ಒಂದರಿಂದ ಹದಿನೆಂಟರವರೆಗೆ ಗಟ್ಟಿಯಾಗಿ ಓದಿದೆ. ‘ಹದಿನಾರು, ನಾಲ್ಕು’ ಎಂದೂ ಓದಿದೆ. ಕಾರ್ಡಿನಲ್ಲಿ ಏನಿತ್ತೋ ಅದನ್ನೇ. ನೀನು ಓಕೆ ಎಂದು ಸಹಿ ಹಾಕಿ, ನೀರಿನ ಬಾಟಲಿ ತೆಗೆದುಕೊಂಡು ಎದ್ದು ಹೋದೆ.

ಕಾರ್ಡು ಒಪ್ಪಿಸಿದ ಮೇಲೂ ಈ ಚಾಂಪಿಯನ್‌ಶಿಪ್‌ನಲ್ಲಿ ಹದಿನೈದು ನಿಮಿಷ ತಿದ್ದುವುದಕ್ಕೆ ಅವಕಾಶವಿದೆ. ನೀನು ಹೊರಗೆ ಹೋದಾಗ ಮೂರು ಗಂಟೆ ಏಳು ನಿಮಿಷ. ಗಾಜಿನ ಆಚೆ ನೀನು ಮಕ್ಕಳ ಟೋಪಿಗಳ ಮೇಲೆ ಹೆಸರು ಬರೆಯುತ್ತಿದ್ದೆ. ನಿನ್ನ ಅಪ್ಪ, ನಮ್ಮ ಬಾವ ಕಾಕ, ನಿನ್ನ ಭುಜದ ಮೇಲೆ ಕೈಯಿಟ್ಟು ಯಾರಿಗೋ ವಿಡಿಯೋ ಕಾಲ್ ಮಾಡಿ ತೋರಿಸುತ್ತಿದ್ದರು. ಪಕ್ಕದ ಮೇಜಿನ ವೆಂಕಟರಾಮು, ‘ಎಲ್ಲಾ ಟ್ಯಾಲಿ ಆಯ್ತಾ ಮೇಡಂ? ಯಲ್ಲಾ, ನಡೀರಿ, ಟೀ ಕುಡಿಯೋಣ’ ಎಂದರು. ಇನ್ನೊಂದು ಸಲ ನೋಡುತ್ತೇನೆ, ನೀವು ಹೋಗಿ ಎಂದೆ. ಮೂರು ಹದಿನೈದಕ್ಕೆ ನೀನು ಗಾಜಿನ ಬಾಗಿಲ ಹತ್ತಿರವೇ ಬಂದು ನಿಂತೆ. ನಾನು ಎದ್ದು ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಕುರ್ಚಿಯ ಕೈ ಹಿಡಿದುಕೊಂಡು ಕೂತೆ. ಮೂರು ಇಪ್ಪತ್ತಮೂರಕ್ಕೆ ಕೈ ಎತ್ತಿ ಮುಖ್ಯ ಅಧಿಕಾರಿಯನ್ನು ಕರೆದು, ಇಲ್ಲೊಂದು ವ್ಯತ್ಯಾಸ ಕಾಣುತ್ತಿದೆ ಎಂದೆ. ಆಮೇಲಿನದ್ದನ್ನು ನೀನು ಬಲ್ಲೆ: ಆಡಿದ್ದಕ್ಕಿಂತ ಕಡಿಮೆ ಹೊಡೆತಕ್ಕೆ ಸಹಿ ಹಾಕಿದವಳು ಚಾಂಪಿಯನ್‌ಶಿಪ್‌ನಿಂದಲೇ ಹೊರಗೆ. ಮುನ್ನಡೆಯಲ್ಲಿದ್ದವಳಿಗಿಂತ ಎರಡೇ ಹೊಡೆತ ಹಿಂದೆ, ಒಂದು ಸುತ್ತು ಬಾಕಿ, ನಿನ್ನ ಜೀವನದ ಮೊದಲ ದೊಡ್ಡ ಪ್ರಶಸ್ತಿ ಗೆಲ್ಲುವ ಅವಕಾಶ. ಅದು ಅಲ್ಲಿಗೆ ಖಲಾಸ್.

ಏಕೆ ಎಂದು ನೀನು ಕೇಳಲಾರೆ. ಆದರೂ ಬರೆಯುತ್ತೇನೆ. 2011ರ ಮಾರ್ಚಿನ ಆ ಶುಕ್ರವಾರವನ್ನು ನೀನು ಈಗ ಬೇರೆ ತರಹ ಹೇಳಲು ಶುರುಮಾಡಿದ್ದೀ.

ನಮಗೆ ಹದಿನೇಳು. ಬಾವ ಕಾಕನಿಗೆ ಇದೇ ಗಾಲ್ಫ್ ಕ್ಲಬ್ಬಿನ ಸದಸ್ಯತ್ವವಿತ್ತು. ನನ್ನ ಅಪ್ಪ ಅದೇ ಕ್ಲಬ್ಬಿನಲ್ಲಿ ಹುಲ್ಲಿಗೆ ನೀರು ಬಿಡುವ ಕೆಲಸದಲ್ಲಿದ್ದರು, ಇಂದಿಗೂ ಇದ್ದಾರೆ. ಸಿಬ್ಬಂದಿಯ ಮಕ್ಕಳಿಗೆ ವಾರಕ್ಕೆರಡು ಸಂಜೆ ಉಚಿತ ತರಗತಿ ಇತ್ತು, ಆ ಬಾಗಿಲಿನಿಂದ ನಾನು ಒಳಗೆ ಬಂದವಳು. ಕಿರಿಯರ ಪಂದ್ಯಾವಳಿಯ ಕೊನೆಯ ದಿನ ನಮ್ಮಿಬ್ಬರನ್ನು ಜೋಡಿ ಮಾಡಿದರು. ಅಮೆರಿಕದ ಕಾಲೇಜೊಂದರ ಕೋಚ್ ಬಂದಿದ್ದಳು. ಗೆದ್ದ ಹುಡುಗಿಗೆ ಅಲ್ಲಿ ನಾಲ್ಕು ವರ್ಷ ಓದು ಮತ್ತು ಆಟ. ಅಪ್ಪ ಅಂದು ಮೊದಲ ಸಲ ಕ್ಲಬ್‌ಹೌಸಿನ ಮುಂಬಾಗಿಲಿನಿಂದ ಬಂದು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಹಗ್ಗದ ಆಚೆ ನಿಂತಿದ್ದರು.

ಹದಿನಾಲ್ಕನೆಯ ಹೋಲಿನಲ್ಲಿ ನನ್ನ ಚೆಂಡು ಮರಳಿನ ಗುಂಡಿಗೆ ಬಿತ್ತು. ಮೊದಲ ಹೊಡೆತಕ್ಕೆ ಹೊರಬರಲಿಲ್ಲ, ಎರಡನೆಯದಕ್ಕೆ ಬಂತು. ಒಟ್ಟು ಐದು. ನನ್ನ ಕಾರ್ಡು ನಿನ್ನ ಕೈಯಲ್ಲಿತ್ತು, ನೀನು ನಾಲ್ಕು ಎಂದು ಬರೆದೆ. ಆಟದ ಬಿಸಿಯಲ್ಲಿ ನಾನು ನಿನ್ನನ್ನು ನಂಬಿ, ಅಂಕಿಗಳನ್ನು ನೋಡದೆ ಸಹಿ ಹಾಕಿದೆ. ಕಾರ್ಡು ಮೇಜು ದಾಟಿತು. ಅಧಿಕಾರಿ ಅದರ ಮೇಲೆ ಕೈಯಿಟ್ಟ. ಆಗ ನೀನು, ‘ಅಲ್ಲ ಮಾರಾಯ್ತಿ, ಹದಿನಾಲ್ಕರಲ್ಲಿ ನಿಂಗೆ ಐದಾಗಿತ್ತಲ್ಲ?’ ಎಂದೆ. ಅವನಿಗೂ ತಿಳಿಯಲಿ ಎಂಬಂತೆ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದೆ. ಆ ಕಾಲದಲ್ಲಿ ಹದಿನೈದು ನಿಮಿಷವಿರಲಿಲ್ಲ, ಒಂದು ನಿಮಿಷವೂ ಇರಲಿಲ್ಲ.

ಕಾರ್ಡು ಮೇಜು ದಾಟಿದ ಮೇಲೆ ನೆನಪಾದದ್ದು ಅದು ದಾಟುವ ಮೊದಲು ಏಕೆ ನೆನಪಾಗಲಿಲ್ಲ? ಹದಿನಾಲ್ಕು ವರ್ಷಗಳಿಂದ ಈ ಒಂದೇ ಪ್ರಶ್ನೆಯನ್ನು ನಾನು ನಿನ್ನನ್ನು ಕೇಳುತ್ತಾ ಬಂದಿದ್ದೇನೆ, ನೀನು ಎದುರಿಗಿಲ್ಲದೆ.

ಅಮ್ಮನಿಗೆ ಅರ್ಥ ಮಾಡಿಸುವುದು ನನಗೆ ಬಹಳ ಕಷ್ಟವಾಯಿತು. ‘ಅಲ್ಲಬೇ, ಒಂದ ಕಮ್ಮಿ ಬರದಾಕಿ ಆಕಿ. ನಿನ್ನ ಯಾಕ ಹೊರಗ ಹಾಕ್ತಾರ?’ ಎಂದು ಕೇಳುತ್ತಲೇ ಇದ್ದಳು. ಈ ಆಟದಲ್ಲಿ ನನ್ನ ಹೊಡೆತಗಳನ್ನು ನನ್ನ ಎದುರಾಳಿ ಬರೆಯುತ್ತಾಳೆ, ಆದರೆ ಅವು ನಿಜವೆಂದು ಸಹಿ ಹಾಕುವವಳು ನಾನು, ಒಂದು ಹೆಚ್ಚಾಗಿದ್ದರೆ ನಷ್ಟ ನನ್ನದು, ಒಂದು ಕಡಿಮೆಯಾಗಿದ್ದರೆ ನಾನು ಕಳ್ಳಿ, ಎಂದು ಹೇಳಿದೆ. ಅವಳು, ‘ಇಂಥಾ ಆಟ ಯಾರ ಕಂಡುಹಿಡದರು’ ಎಂದಳು.

ಕಳ್ಳಿ ಎಂಬ ಪದ ನನ್ನದಲ್ಲ. ಅದು ಕೆಲವೇ ದಿನಗಳಲ್ಲಿ ಕನ್ನಡ ಸಂಘದ ಯುಗಾದಿ ಊಟದಲ್ಲಿ ನನ್ನ ಬೆನ್ನ ಹಿಂದೆ ಕೇಳಿಸಿತು: ‘ಯಮನಪ್ಪನ ಮಗಳಂತ, ಒಂದ ಹೊಡತ ನುಂಗಿದಳಂತ.’ ಮುಂದಿನ ತಿಂಗಳು ಸಿಬ್ಬಂದಿ ಮಕ್ಕಳ ತರಗತಿ ನಿಂತಿತು. ಕಾರಣವನ್ನು ಯಾರೂ ಬರೆದು ಕೊಡಲಿಲ್ಲ. ಅಪ್ಪ ಕ್ಲಬ್‌ಹೌಸಿನ ಎದುರಿನ ದಾರಿ ಬಿಟ್ಟು ಪಂಪ್‌ಹೌಸಿನ ಹಿಂದಿನಿಂದ ಓಡಾಡತೊಡಗಿದರು. ನಲವತ್ತೈದು ಡಿಗ್ರಿಯ ಬಿಸಿಲಿನಲ್ಲಿ ಆ ಸುತ್ತುದಾರಿ ಹನ್ನೆರಡು ನಿಮಿಷ ಹೆಚ್ಚು. ನೀನು ಅಮೆರಿಕಕ್ಕೆ ಹೊರಟಾಗ ಬಾವ ಕಾಕ ನಮ್ಮ ಮನೆಗೂ ಬಿರಿಯಾನಿ ಕಳಿಸಿದ್ದರು. ಅಪ್ಪ ಅದನ್ನು ಉಂಡರು. ನಾನು ಉಣ್ಣಲಿಲ್ಲ.

ಈಗ ನಾನು ಲುಸೈಲ್‌ನಲ್ಲಿ ಒಂದು ಕಟ್ಟಡ ಕಂಪನಿಯ ಡಾಕ್ಯುಮೆಂಟ್ ಕಂಟ್ರೋಲರ್. ಬೇರೆಯವರ ನಕ್ಷೆಗಳಲ್ಲಿ ಸಹಿ, ದಿನಾಂಕ, ಸಂಖ್ಯೆ ಸರಿಯಿದೆಯೇ ಎಂದು ನೋಡುವ ಕೆಲಸ. ಚಾಂಪಿಯನ್‌ಶಿಪ್‌ಗೆ ಸ್ಕೋರಿಂಗ್ ಮೇಜಿಗೆ ಸ್ವಯಂಸೇವಕರು ಬೇಕೆಂಬ ಇಮೇಲ್ ಬಂದಾಗ ನಾನು ಅರ್ಜಿ ಹಾಕಿದ್ದು ನಿನಗಾಗಿ ಅಲ್ಲ ಎಂದರೆ ನೀನು ನಂಬಬೇಕಾಗಿಲ್ಲ. ಆದರೆ ಮಂಗಳವಾರದವರೆಗೆ ನನ್ನ ಮನಸ್ಸಿನಲ್ಲಿ ಇದು ಇರಲಿಲ್ಲ. ಬುಧವಾರ ನಿನ್ನ ಪತ್ರಿಕಾಗೋಷ್ಠಿ ನಡೆಯಿತು. ಗೋಡೆಯ ಟಿವಿಯಲ್ಲಿ ನಾವೆಲ್ಲ ನೋಡುತ್ತಿದ್ದೆವು. ದೋಹಾ ನನಗೆ ಶಿಸ್ತು ಕಲಿಸಿತು ಎಂದೆ ನೀನು. ಇಲ್ಲಿ ನನ್ನ ಗೆಳತಿಯೊಬ್ಬಳು ಕಾರ್ಡು ನೋಡದೆ ಸಹಿ ಹಾಕಿ ಹೊರಬಿದ್ದಳು, ಅಂದಿನಿಂದ ನಾನು ಪ್ರತಿ ಅಂಕಿಯನ್ನೂ ಮೂರು ಸಲ ನೋಡುತ್ತೇನೆ ಎಂದೆ. ಎಲ್ಲರೂ ನಕ್ಕರು. ನೀನೂ ನಕ್ಕೆ. ಆ ಕಾರ್ಡು ಬರೆದವಳು ಯಾರೆಂದು ನೀನು ಹೇಳಲಿಲ್ಲ.

ಮರುದಿನ ಮೊದಲ ಸುತ್ತು ಮುಗಿಸಿ ಬಂದು ನನ್ನನ್ನು ಕಂಡಾಗ ನೀನು ನಿಜವಾಗಿಯೂ ಸಂತೋಷಪಟ್ಟೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಮೇಜಿನ ಮೇಲಿಂದ ಬಗ್ಗಿ ಕೆನ್ನೆ ಮುಟ್ಟಿ, ‘ಎಂಥ ನೇತ್ರಾ, ನೀನು ಇನ್ನೂ ಇಲ್ಲೇ ಇದ್ದೀಯಾ?’ ಎಂದೆ. ಹೌದು, ಇನ್ನೂ ಇಲ್ಲೇ ಇದ್ದೇನೆ ಎಂದೆ.

ಅದಾದ ಮೇಲೆ ನಾನು ಕಾದದ್ದು ಎರಡೇ ದಿನ. ತಪ್ಪು ತಾನಾಗಿ ಬಂದು ನನ್ನ ಮುಂದೆ ಕೂತಿತು. ನಾನು ಮಾಡಿದ್ದು ಗಡಿಯಾರ ನೋಡಿದ್ದಷ್ಟೇ.

ನಿನ್ನೆ ಸಂಜೆ ಅಪ್ಪ ಬಹಳ ಬೇಸರದಲ್ಲಿದ್ದರು. ಹದಿನಾರನೆಯ ಹೋಲಿನ ಸುತ್ತಲಿನ ಹುಲ್ಲಿನ ತೇವ ನೋಡಿಕೊಳ್ಳುವ ಜವಾಬ್ದಾರಿ ಈ ವಾರ ಅವರದ್ದು. ನೀನು ಅವರನ್ನು ಗುರುತಿಸಿ ಸಲಾಂ ಹೇಳಿದೆಯಂತೆ. ಆ ಎರಡು ತಟ್ಟುಗಳ ವಿಷಯ ನನಗೆ ವಿವರವಾಗಿ ತಿಳಿದದ್ದೂ ಅವರಿಂದಲೇ. ‘ನಮ್ಮ ಹುಡಿಗಿ, ಪಾಪ. ನೀ ಅಲ್ಲೇ ಕುಂತಿದ್ದಿ, ನಿನ್ನ ಕಣ್ಣಿಗೆ ಬೀಳಲಿಲ್ಲೇನು?’ ಎಂದು ಕೇಳಿದರು. ಬೀಳಲಿಲ್ಲ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು, ‘ಆತು ಬಿಡು, ನಿನಗರ ಏನ ಗೊತ್ತು’ ಎಂದರು. ನನ್ನನ್ನು ಸಮಾಧಾನ ಮಾಡುತ್ತಿದ್ದರು.

ನನಗೆ ಪಶ್ಚಾತ್ತಾಪವಿದೆಯೇ ಎಂದು ಬೆಳಿಗ್ಗೆಯಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಸಿಕ್ಕಿದ್ದು ಒಂದು ಕೊರತೆ ಮಾತ್ರ: ಇದನ್ನು ಯಾರು ಮಾಡಿದರೆಂದು ನಿನಗೆ ಗೊತ್ತಿರಲಿಲ್ಲ. ನೀನು ಸ್ವೀಡನ್ನಿನ ಹುಡುಗಿಯನ್ನು, ಬಿಸಿಲನ್ನು, ನಿನ್ನ ಅದೃಷ್ಟವನ್ನು ದೂರಿಕೊಂಡು ವಿಮಾನ ಹತ್ತುತ್ತಿದ್ದೆ. ಹಾಗಾಗುವುದು ನನಗೆ ಬೇಡ. ಅದಕ್ಕೇ ಈ ಕಾಗದ.

ಇದನ್ನು ಸಂಘಟಕರಿಗೆ ತೋರಿಸಬಹುದು. ತೋರಿಸಿದರೆ ನನ್ನ ಬ್ಯಾಡ್ಜ್ ಕಿತ್ತುಕೊಳ್ಳುತ್ತಾರೆ, ಲುಸೈಲ್‌ನ ಕಚೇರಿಗೂ ಸುದ್ದಿ ಹೋಗುತ್ತದೆ, ಕೆಲಸ ಹೋದರೆ ವೀಸಾವೂ ಹೋಗುತ್ತದೆ. ನಾನು ತಡೆಯುವುದಿಲ್ಲ. ಆದರೆ ತೋರಿಸುವುದಾದರೆ ಪೂರ್ತಿ ಅನುವಾದ ಮಾಡಿಸಿ ತೋರಿಸಬೇಕು, ನನ್ನ ಸಹಿಯ ಕೆಳಗಿರುವುದನ್ನೂ ಸೇರಿಸಿ. ಓದಿದ ಮೇಲೆ ನೀನೇ ನಿರ್ಧರಿಸು.

ಇಂತಿ,
ಇನ್ನೂ ಇಲ್ಲೇ ಇರುವ
ನೇತ್ರಾ ಯಮನಪ್ಪ

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ನಾನು ‘ಹದಿನಾರು, ನಾಲ್ಕು’ ಎಂದು ಓದಿದಾಗ ನಿನ್ನ ಪೆನ್ನು ನಿಂತಿತು. ನೀನು ತಲೆಯೆತ್ತಿ ಮೊದಲು ನನ್ನ ಮುಖ ನೋಡಿದೆ, ಆಮೇಲೆ ಆ ಅಂಕಿಯನ್ನು, ಆಮೇಲೆ ಸಹಿ ಹಾಕಿದೆ. ತಪ್ಪು ಕಣ್ಣಿಗೆ ಬೀಳಲಿಲ್ಲವೆಂದು ಹೊರಗೆ ಕ್ಯಾಮೆರಾದ ಮುಂದೆ ಹೇಳಿದ್ದನ್ನು ಕೇಳಿಸಿಕೊಂಡೆ. ಪೆನ್ನು ಹಾಗೆ ಏಕೆ ನಿಲ್ಲುತ್ತದೆಂದು ನನಗೆ ಗೊತ್ತು. 2011ರಲ್ಲಿ ಐದು ಎಂದು ತಿದ್ದಿಸಿದ್ದರೆ ನಾವಿಬ್ಬರೂ ಸಮ, ಮತ್ತೆ ಆಡಬೇಕಿತ್ತು. ನಾಲ್ಕಾಗಿದ್ದರೆ ನಾನು ಗೆದ್ದಿದ್ದೆ. ನೋಡದೆ ಸಹಿ ಹಾಕಿದೆ ಎಂದು ಮೇಲೆ ಬರೆದದ್ದು ಸುಳ್ಳು: ಅಂದು ನಾನು ಆ ನಾಲ್ಕನ್ನು ನೋಡಿಯೇ ಸಹಿ ಹಾಕಿದೆ. ಅಪ್ಪನಿಗೆ ನೋಡಲಿಲ್ಲವೆಂದು ಹೇಳಿದೆ, ಅವರು ನಂಬಿದರು, ಈಗಲೂ ನಂಬುತ್ತಾರೆ. ನೀನೂ ಬಾವ ಕಾಕನಿಗೆ ನೋಡಲಿಲ್ಲವೆಂದು ನಿನ್ನೆಯೇ ಹೇಳಿರುತ್ತೀ. ಅವರು ಅಷ್ಟಕ್ಕೆ ಬಿಡುವುದಿಲ್ಲ. ಊರಿನಿಂದ ಯಾರೇ ಬಂದರೂ ಅವರೆದುರು ನಿನ್ನನ್ನು ಕೂರಿಸಿ ಮತ್ತೆ ಹೇಳಿಸುತ್ತಾರೆ, ಮಗಳಿಗೆ ಅನ್ಯಾಯವಾಯಿತೆಂದು ಕಣ್ಣು ಒರೆಸಿಕೊಳ್ಳುತ್ತಾರೆ. ಪ್ರತಿ ಸಲವೂ ನೀನು ಅವರ ಮುಖ ನೋಡಿಕೊಂಡೇ ಹೇಳಬೇಕು.