ಮೂಕ ಫೋನಿನಲ್ಲಿ ಆಡಿದ ಮಾತು

ನನ್ನ ಟವರ್ ಮಗಳಿಗೆ,

ನೀನು ನಿಂತು ಕಟ್ಟಿಸಿದ ಟವರ್ ಶುರುವಾಯಿತು. ಸಿಗ್ನಲ್ಲಿಗಾಗಿ ನೀರಿನ ಟ್ಯಾಂಕ್ ಹತ್ತುತ್ತಿದ್ದ ಬೀದಿಯವರೆಲ್ಲ ಈಗ ಕೂತಲ್ಲೇ ಮಾತಾಡುತ್ತಾರೆ. "ಟೈಲರ್ ಮಗಳು ಗಟ್ಟಿಗಿತ್ತಿ ಬಿಡಿ!" ಎಂದು ಬೇಕರಿಯವರು ಊರಿಗೆಲ್ಲ ಸಾರುತ್ತಿದ್ದಾರೆ.

ನನ್ನ ಬಟನ್ ಫೋನು ಮಾತ್ರ ಅಂದಿನಿಂದ ಮೂಕ. ಹಳೇ ಸಿಗ್ನಲ್ ನಿಲ್ಲಿಸಿದ್ದಾರೆ, ಹೊಸದನ್ನು ಇದು ಹಿಡಿಯುವುದಿಲ್ಲ ಎಂದು ರಿಪೇರಿಯವನು ಕೈಚೆಲ್ಲಿದ. ಗಿರಾಕಿಗಳ ಮುಂದೆ ನಿನ್ನ ಟವರಿನ ಮರ್ಯಾದೆ ಹೋಗಬಾರದಲ್ಲ? ಅದನ್ನೇ ಕಿವಿಗಿಟ್ಟು, "ಹಾಂ ಮಗಳೇ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ!" ಎನ್ನುತ್ತೇನೆ.

ಹೊಸ ಟವರಿಗೆ ಹೊಂದುವ ಫೋನೊಂದನ್ನು ಕಳಿಸು. ಅಂಕಿಗಳು ದೊಡ್ಡವಿರಲಿ.

ನಿನ್ನೆ ಆ ಮೂಕ ಫೋನಿನಲ್ಲಿ, ನಿನ್ನೆದುರು ಎಂದೂ ಬಾಯಿಬಿಟ್ಟು ಹೇಳದ್ದನ್ನೆಲ್ಲ ಹೇಳಿಬಿಟ್ಟೆ. ಗಿರಾಕಿ ಅಳತೆ ಕೊಡುವುದನ್ನೂ ಮರೆತು ಕೇಳುತ್ತ ನಿಂತಿದ್ದ. ನೀನು ನಿಜವಾಗಿ ಕೇಳಿಸಿಕೊಳ್ಳುವಾಗ ನನಗೆ ಆ ಧೈರ್ಯ ಬರಲಾರದು. ಅದಕ್ಕೇ ಇಲ್ಲಿ ಬರೆದಿದ್ದೇನೆ: ಶಭಾಷ್ ಮಗಳೇ.

ನಿನ್ನ ಅಪ್ಪ