ಕೆಮ್ಮುವ ಗರಗಸ

ಡಿಸೆಂಬರ್ 3, ಮಂಗಳವಾರ

ತೊಚಿಹಾರ ಅಜ್ಜನ ಗರಗಸವನ್ನು ಎಲ್ಲರೆದುರು ಗುಜರಿ ಎಂದದ್ದು ಅನ್ಯಾಯ. ಹೇಳಿದವನು ಮೇಸ್ತ್ರಿ ಹಿರೂಮ. ಅರಣ್ಯ ಕೆಲಸಗಾರರ ಸಂಘದ ಶೆಡ್ಡು, ಬೆಳಗ್ಗೆ ಏಳು, ಮೂವತ್ತು ಜನ ಒಲೆ ಸುತ್ತ ನಿಂತಿದ್ದೆವು.

ಸುತ್ತೋಲೆ ಓದಿದ. 13ರ ಶುಕ್ರವಾರ ಎಂಟು ಗಂಟೆಗೆ, ಮೇಲಿನ ಬಯಲಿನಲ್ಲಿ ಚೈನ್ ಗರಗಸಗಳ ಪರೀಕ್ಷೆ. ಹಗ್ಗದ ಮೂರು ಎಳೆತದೊಳಗೆ ಸ್ಟಾರ್ಟ್ ಆಗಬೇಕು. ಒಂದು ದಿಮ್ಮಿಯನ್ನು ನಡುವೆ ನಿಲ್ಲದೆ ಕೊಯ್ಯಬೇಕು. ಇಲ್ಲದಿದ್ದರೆ ಚಳಿಗಾಲದ ಕೆಲಸದ ಪಟ್ಟಿಯಿಂದ ಔಟ್.

"ತೊಚಿಹಾರಣ್ಣ, ನೀವು ಆ ಗುಜರಿ ಹೊತ್ಕೊಂಡು ಮೇಲೆ ಬರಬೇಡಿ. ಮನೇಲಿ ಬೆಚ್ಚಗಿರಿ."

ಅಜ್ಜ ಒಲೆಯನ್ನೇ ನೋಡುತ್ತಾ "ಹೂಂ" ಎಂದರು. ಅಷ್ಟೇ. ಅರವತ್ತು ವರ್ಷ ಈ ಬೆಟ್ಟದಲ್ಲಿ ದೇವದಾರು ಕಡಿದ ಮನುಷ್ಯ!

ನಾನು ಸುಮ್ಮನಿರಲಿಲ್ಲ. ರಿಪೇರಿ ಮಾಡಿಕೊಳ್ಳುವುದು ಕಾರ್ಮಿಕನ ಹಕ್ಕು, ಹಳೆಯದನ್ನು ಎಸೆಯಿಸುವುದು ಕಂಪನಿಗಳ ಲಾಭಕ್ಕೆ ಎಂದೆ.

"ಬಂತಪ್ಪಾ ಕರಪತ್ರ," ಎಂದರು ಯಾರೋ. ಎಲ್ಲರೂ ನಕ್ಕರು. ಎರಡು ವರ್ಷದಿಂದ ನನಗೆ ಅದೇ ಹೆಸರು. ಇರಲಿ.

ಡಿ. 4

ಸಂಜೆ ಅಜ್ಜನ ಮನೆ. ಜಗಲಿಯಲ್ಲಿ ಪೇಪರ್ ಹಾಸಿ ಗರಗಸ ಬಿಚ್ಚಿದೆವು. ಸ್ಟಾರ್ಟ್ ಆಗುತ್ತದೆ, ನಿಧಾನಕ್ಕೆ ಓಡುತ್ತದೆ, ವೇಗ ಕೊಟ್ಟರೆ ಕೆಮ್ಮಿ ಸಾಯುತ್ತದೆ. ಕಾರ್ಬೊರೇಟರ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಳಗೆ ಹಳೇ ಪೆಟ್ರೋಲು ಒಣಗಿ ಜೇನುಬಣ್ಣದ ಅಂಟು. ರಬ್ಬರ್ ಪೊರೆ ಒಣಗಿದೆಲೆ ಥರ ಗಡುಸು.

"ಬೇಸಿಗೇಲಿ ಟ್ಯಾಂಕ್ ಖಾಲಿ ಮಾಡಿಡ್ಲಿಲ್ವಾ ಅಜ್ಜ?"

"ಮಾಡಿಟ್ಟೆ."

ಒಳಗಿನಿಂದ ಫುಮಿಎ ಅಜ್ಜಿ: "ಸುಳ್ಳು. ಮೀನು ಹಿಡಿಯೋಕೆ ಹೋದ್ರು."

ಅಜ್ಜ ಒಂದು ಸ್ಕ್ರೂ ಬಿಚ್ಚಿದರು. ಬಿತ್ತು. ಹುಡುಕಿಕೊಟ್ಟೆ. ಮತ್ತೆ ಬಿತ್ತು. "ಕಣ್ಣು ಮಂಜಾಗಿದೆ, ನೀನೇ ಬಿಚ್ಚು" ಎಂದು ಕೈಗಳನ್ನು ಅಂಗಿಯ ತೋಳೊಳಗೆ ಎಳೆದುಕೊಂಡರು. ಬಿಚ್ಚಿದೆ. ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಹೊಸ ಪೊರೆ, ಪ್ಯಾಕಿಂಗ್ ಬೇಕು. ಈ ಮಾದರಿಯ ತಯಾರಿಕೆ ನಿಂತು ಮೂವತ್ತು ವರ್ಷವಂತೆ. ನೆಟ್‌ನಲ್ಲಿ ಒಂದೇ ಒಂದು ಕಿಟ್ ಸಿಕ್ಕಿತು. ಆರ್ಡರ್ ಮಾಡಿದೆ.

ಉಪ್ಪಿನಕಾಯಿ ಮೂಲಂಗಿ ಕಟ್ಟಿಕೊಟ್ಟರು ಅಜ್ಜಿ. ಬೇಡವೆಂದರೂ.

ಡಿ. 9, ಸೋಮವಾರ

ಕಿಟ್ ಬಂತು! ಐದು ದಿನ ಪೋಸ್ಟ್‌ಮ್ಯಾನ್‌ನನ್ನು ಕಾಡಿದ್ದಾಯಿತು.

ಡಿ. 10

ಜೋಡಿಸಿದೆ. ಸೂಜಿಮೊನೆಯಷ್ಟು ತೂತೂ ಬಿಡದೆ ತೊಳೆದಿದ್ದೆ. ಎಳೆದೆ. ಹತ್ತು ಸಲ, ಇಪ್ಪತ್ತು ಸಲ. ಉಸಿರೇ ಇಲ್ಲ.

ಅಜ್ಜ ಚಹಾ ಕುಡಿಯುತ್ತಿದ್ದರು. ಗರಗಸದ ಕಡೆ ನೋಡಲೂ ಇಲ್ಲ. "ಪೊರೆ ಮೊದಲು ಹಾಕಿದ್ಯಾ, ಪ್ಯಾಕಿಂಗ್ ಮೊದಲಾ?"

"ಪೊರೆ."

"ಪ್ಯಾಂಟಿನ ಮೇಲೆ ಚಡ್ಡಿ ಹಾಕಿದೀಯ. ಬಿಚ್ಚು."

ಅಜ್ಜಿ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ. "ಹೇಳಿದ್ರೆ ನಿಂಗೆ ನೆನಪಿರ್ತಿತ್ತಾ?" ಎಂದರು ಅಜ್ಜ.

ಬಿಚ್ಚಿದೆ... ಜೋಡಿಸುವುದು ನಾಳೆ.

ಡಿ. 11, ಬುಧವಾರ

ಓಡಿತು!! ಎರಡನೇ ಎಳೆತಕ್ಕೆ. ಪಕ್ಕದ ಮನೆಯ ನಾಯಿ ಬೊಗಳಿತು, ಅಜ್ಜಿ ಚಪ್ಪಾಳೆ ತಟ್ಟಿದರು. ಅಜ್ಜ ಕಣ್ಣು ಮುಚ್ಚಿ ಕೂತರು. "ಬಲದ ಸ್ಕ್ರೂ, ಕೂದಲೆಳೆ ಬಿಚ್ಚು. ಸಾಕು. ಸದ್ದು ಸ್ವಲ್ಪ ತೊದಲಬೇಕು. ದಿಮ್ಮಿಗೆ ಇಟ್ಟಾಗ ತೊದಲು ಹೋಗಬೇಕು." ಕಟ್ಟಿಗೆಗೆ ಇಟ್ಟೆ. ಹೋಯಿತು. ಈ ಕಿವಿಯನ್ನು ಗುಜರಿ ಎನ್ನುತ್ತಾರೆಯೇ!

ಆದರೆ ಇದು ಅಂಗಳದ ಗಾಳಿಗೆ ಹೊಂದಿಸಿದ್ದು. ಬಯಲಿರುವುದು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿ ತೆಳು, ಪೆಟ್ರೋಲು ಹೆಚ್ಚಾಗಿ ಮತ್ತೆ ಕೆಮ್ಮುತ್ತದೆ. ಅಲ್ಲೇ ಹೋಗಿ ಹೊಂದಿಸಬೇಕು. ನಾಳೆ ಹೋಗೋಣ ಎಂದೆ.

"ನಾಳೆ ಹನ್ನೆರಡು. ಬೆಟ್ಟದಮ್ಮ ಮರ ಎಣಿಸೋ ದಿನ. ಯಾರೂ ಬೆಟ್ಟ ಹತ್ಬಾರ್ದು."

"ಮೂಢನಂಬಿಕೆ ಅಜ್ಜ!"

"ಹೋಗು. ನಿನ್ನನ್ನೂ ಒಂದು ಮರ ಅಂತ ಎಣಿಸ್ಕೊಂಡುಬಿಡ್ತಾಳೆ. ಆಮೇಲೆ ನಿನ್ನ ಕಡಿಯೋಕೆ ನಾನೇ ಬರ್ಬೇಕು. ಈ ಗರಗಸದಲ್ಲೇ."

"ಆಕೆಗೆ ಹೆಂಗಸರನ್ನ ಕಂಡ್ರೆ ಹೊಟ್ಟೆಕಿಚ್ಚಂತಲ್ಲ. ಎರಡು ವರ್ಷದಿಂದ ನನ್ನನ್ನ ಸುಮ್ನೆ ಬಿಟ್ಟಿದಾಳೆ."

"ನಿನ್ನ ಮುಖ ನೋಡಿ ಸಮಾಧಾನ ಆಗಿರ್ಬೇಕು."

ಮಾತಿಗೆ ಮಾತು. ಆದರೆ ಅಜ್ಜ ಹೋಗುವುದಿಲ್ಲ ಎಂದರೆ ಹೋಗುವುದಿಲ್ಲ. ಒಂದು ದೇವತೆಗಾಗಿ ಒಬ್ಬ ಕೆಲಸಗಾರ ಕೆಲಸ ಕಳೆದುಕೊಳ್ಳಬೇಕೇ? ಗರಗಸ ಮನೆಗೆ ತಂದಿದ್ದೇನೆ, ನಾಳೆ ನಾನೊಬ್ಬಳೇ ಹೋಗುತ್ತೇನೆ.

ಡಿ. 12, ಗುರುವಾರ, ಮಧ್ಯಾಹ್ನ

ಬೆಳಗ್ಗೆ ಏಳಕ್ಕೆ ಗರಗಸ ಬೆನ್ನಿಗೇರಿಸಿ ಹೊರಟೆ. ತೆಳು ಹಿಮ. ಬೆಟ್ಟದ ದಾರಿ ಶುರುವಾಗುವ ಕಲ್ಲಿನ ಕಮಾನಿಗೆ ಹುಲ್ಲಿನ ಹಗ್ಗ ಅಡ್ಡ ಕಟ್ಟಿದ್ದರು. ಕೆಳಗೆ ಅಜ್ಜ ಕೂತಿದ್ದರು. ಪಕ್ಕದಲ್ಲಿ ಅಕ್ಕಿಮದ್ಯ ಸಾಕೆಯ ಬಾಟಲಿ, ಬೆಟ್ಟದಮ್ಮನಿಗೆಂದು ತಂದ ವಿಕಾರ ಮುಖದ ಒಣಮೀನು (ತನಗಿಂತ ಕುರೂಪ ಕಂಡರೆ ಆಕೆಗೆ ಖುಷಿಯಂತೆ).

"ತಡ ಮಾಡ್ದೆ. ಆರಕ್ಕೇ ಬರ್ತೀಯ ಅಂದ್ಕೊಂಡಿದ್ದೆ."

ಜಗಳಕ್ಕೆ ಸಿದ್ಧವಾಗಿ ಹೋದವಳು ನಾನು. ಅಜ್ಜ ಕೈಗವಸು ತೆಗೆದು ಬೆರಳು ತೋರಿಸಿದರು. ಮೇಣದ ಬತ್ತಿಯ ಬಿಳುಪು, ಉಗುರಿನ ತನಕ. ಮುಟ್ಟಿದೆ. ತಣ್ಣಗೆ.

"ಗೊತ್ತಾಗ್ತಿದ್ಯಾ?"

"ನೀನು ಮುಟ್ಟಿದ್ದು ಕಾಣಿಸ್ತು. ಗೊತ್ತಾಗ್ಲಿಲ್ಲ. ಐದು ವರ್ಷ ಆಯ್ತು. ಗರಗಸದ ನಡುಕ ಇಳಿದು ಕೂತಿದೆ."

ಅಂದು ಸ್ಕ್ರೂ ಬಿದ್ದದ್ದು ಕಣ್ಣು ಮಂಜಾಗಿದ್ದಕ್ಕಲ್ಲ.

"ಹಿರೂಮಂಗೆ ಗೊತ್ತು. ಕೈ ಹೋಗಿದೆ ಅಂತ ಮೂವತ್ತು ಜನರ ಮುಂದೆ ಹೇಳ್ಬಾರ್ದು ಅಂತ ಗರಗಸದ ಮೇಲೆ ಹಾಕ್ದ. ಒಳ್ಳೇ ಹುಡುಗ. ಅವನಿಗೆ ಮರ ಬೀಳಿಸೋದು ಕಲಿಸಿದ್ದು ನಾನೇ."

ಮೂರನೇ ತಾರೀಕು ಬರೆದದ್ದನ್ನು ಹೊಡೆದುಹಾಕಬೇಕೇ? ಇಲ್ಲ. ಇರಲಿ. ತಪ್ಪಾಗಿ ಬರೆದದ್ದೂ ಇರಲಿ.

"ಮತ್ಯಾಕೆ ರಿಪೇರಿ ಮಾಡೋಕೆ ಬಿಟ್ರಿ?"

"ನೀನು ದಿನಾ ಬರ್ತಿದ್ದೆ. ಫುಮಿಎ ಎರಡು ಬಟ್ಟಲು ಅನ್ನ ಹೆಚ್ಚಿಗೆ ಇಡ್ತಿದ್ಲು." ಕೈಗವಸು ಹಾಕಿಕೊಳ್ಳುತ್ತಾ, "ನಂಗೆ ಕಡಿಯೋದು ಸಾಕಾಗಿದೆ. ಮೇಲೆ ಹೋಗೋದು ಸಾಕಾಗಿಲ್ಲ."

ಕರಪತ್ರ ಓದುವ ಅಭ್ಯಾಸ ಕೆಲಸಕ್ಕೆ ಬಂತು. ಸುತ್ತೋಲೆ ಜೇಬಿನಲ್ಲಿತ್ತು. ಅಲ್ಲೇ ಕೂತು ಮೂರು ಸಲ ಓದಿದೆ. ಗರಗಸ ಪಾಸಾಗಬೇಕು ಎಂದಿದೆ. ಒಂದು ಗರಗಸಕ್ಕೆ ಒಬ್ಬರೇ ಇರಬೇಕು ಎಂದು ಎಲ್ಲೂ ಬರೆದಿಲ್ಲ.

"ಗರಗಸ ನಾನು ಹಿಡೀತೀನಿ ಅಜ್ಜ. ಮರ ಯಾವ ಕಡೆ ಬೀಳುತ್ತೆ, ಎಲ್ಲಿ ಕಚ್ಚು ಹಾಕ್ಬೇಕು, ಯಾವಾಗ ಓಡ್ಬೇಕು, ನೀವು ಹೇಳಿ. ಪಟ್ಟಿಯಲ್ಲಿ ಎರಡೂ ಹೆಸರು. ಹಿರೂಮಣ್ಣನ ಹತ್ರ ನಾನೇ ಮಾತಾಡ್ತೀನಿ."

"ಬೈಬಾರ್ದು ಅವನನ್ನ."

"ಬೈಯಲ್ಲ."

"ಭಾಷಣನೂ ಬೇಡ."

"...ಚಿಕ್ಕದು."

ಅಜ್ಜ ಹಗ್ಗದಾಚೆ ಬೆಟ್ಟ ನೋಡಿದರು. ಆಮೇಲೆ ಮೀನನ್ನು ಕಲ್ಲಿನ ಮೇಲಿಟ್ಟು, ಸಾಕೆ ಸುರಿದು, ಎರಡು ಸಲ ಕೈ ತಟ್ಟಿದರು. ನಾನೂ ತಟ್ಟಿದೆ. ಹಗ್ಗ ದಾಟಲಿಲ್ಲ. ವರ್ಷಕ್ಕೊಂದು ದಿನ ರಜೆ ಬೆಟ್ಟಕ್ಕೂ ಹಕ್ಕೇ ಎಂದುಕೊಂಡೆ.

ಹತ್ತಲು ಒಂದು ಗಂಟೆ. ಸ್ಕ್ರೂ ಹೊಂದಿಸಲು ಅರ್ಧ ಗಂಟೆ ಸಾಕು: ಅಜ್ಜ ಕೇಳುತ್ತಾರೆ, ನಾನು ತಿರುಗಿಸುತ್ತೇನೆ. ಎಂಟಕ್ಕೆ ಹಿರೂಮ ಬರುವಷ್ಟರಲ್ಲಿ ಸಿದ್ಧವಿರಬೇಕು. ಅಜ್ಜಿ ಅನ್ನದುಂಡೆ ಕಟ್ಟುತ್ತಾರಂತೆ, ಮೂರು ಜನಕ್ಕೆ. ಮೇಸ್ತ್ರಿಗೂ ಒಂದು.

ನಾಳೆ, ಶುಕ್ರವಾರ, ಬೆಳಗ್ಗೆ ಆರು ಗಂಟೆ, ಕಲ್ಲಿನ ಕಮಾನಿನ ಕೆಳಗೆ ಸೇರುತ್ತೇವೆ.